ರಾಕೆಟ್ ಕಂಡುಹಿಡಿದದ್ದು ಹೈದರಾಲಿಯೇ? ಶಿವಮೊಗ್ಗದಲ್ಲಿರುವ ಕಬ್ಬಿಣದ ಕೊಳವೆಗಳು ಏನು ಹೇಳುತ್ತವೆ?

ಜಗತ್ತಿನ ಮೊದಲ ರಾಕೆಟ್ ತಯಾರಾದದ್ದು ಮೈಸೂರಿನಲ್ಲಿ, ಕಂಡುಹಿಡಿದವರು ಹೈದರಾಲಿ ಮತ್ತು ಟಿಪ್ಪು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಇದು ನಿಜವೇ?

ಅಲ್ಲ. ಚೀನಾದಲ್ಲಿ 13ನೇ ಶತಮಾನದಲ್ಲೇ ಯುದ್ಧಕ್ಕೆ ರಾಕೆಟ್ ಬಳಸುತ್ತಿದ್ದರು. ಮೈಸೂರಿನ ಸಾಧನೆ ಬೇರೆ: ಒಳಗಿನ ಒತ್ತಡಕ್ಕೆ ಸುಲಭವಾಗಿ ಒಡೆಯದ ಕಬ್ಬಿಣದ ಕೊಳವೆ. ಹೈದರನ ಬದುಕಿನ ಜೊತೆಗೇ ಅದನ್ನು ನೋಡೋಣ. ರಿವಾಲ್ವರ್, ನಾಡಕೋವಿಗಳು ಕೈಯಲ್ಲೇ ಸಿಡಿಯುವುದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ.

ಅಪ್ಪನದು ಬಿದಿರು, ಮಗನದು ಕಬ್ಬಿಣ

ಹೈದರಾಲಿ ಹುಟ್ಟಿದ್ದು ಸುಮಾರು 1720ರಲ್ಲಿ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಮೊದಲು ಆರ್ಕಾಟಿನ ನವಾಬನ ಸೇನೆಯಲ್ಲಿ 50 ಜನರ ರಾಕೆಟ್ ತುಕಡಿಯ ಮುಖ್ಯಸ್ಥನಾಗಿದ್ದ. ಆ ರಾಕೆಟ್‌ಗಳು ಬಿದಿರಿನವು, ಹೆಚ್ಚಾಗಿ ಸಂಕೇತ ಕೊಡಲು ಬಳಸುವಂಥವು. ಹೈದರ್ ಚಿಕ್ಕವನಿದ್ದಾಗಲೇ ತಂದೆ ಯುದ್ಧದಲ್ಲಿ ಸತ್ತ.

ಓದು ಬರಹ ಕಲಿಯದ ಹುಡುಗ ಮೈಸೂರಿನ ಸೇನೆ ಸೇರಿದ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿದ. 1755ರಲ್ಲಿ ದಿಂಡಿಗಲ್‌ನ ಫೌಜುದಾರನಾದಾಗ ಫ್ರೆಂಚರ ನೆರವಿನಿಂದ ಮದ್ದುಗುಂಡಿನ ಕಾರ್ಖಾನೆ ಕಟ್ಟಿಸಿದ. 1761ರ ಹೊತ್ತಿಗೆ ಮೈಸೂರಿನ ಆಡಳಿತವೇ ಅವನ ಕೈಯಲ್ಲಿತ್ತು.

1763ರಲ್ಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೋಲಿಸಿ ಬಿದನೂರನ್ನು ಹಿಡಿದ. ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟು, ಅಲ್ಲಿ ಟಂಕಸಾಲೆ, ಶಸ್ತ್ರಾಗಾರಗಳನ್ನು ಕಟ್ಟಿಸಿದ. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. 2018ರಲ್ಲಿ ಅಲ್ಲಿನ ಹಾಳುಬಾವಿಯೊಂದರಲ್ಲಿ ರಾಜ್ಯ ಪುರಾತತ್ವ ಇಲಾಖೆಗೆ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಇಲಾಖೆ ಅವನ್ನು ಟಿಪ್ಪು ಕಾಲದವು ಎಂದು ಗುರುತಿಸಿದೆ. ನಗರದಲ್ಲಿ ಸಿಕ್ಕ ರಾಕೆಟ್‌ಗಳನ್ನು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಕೊಳವೆ ಸಿಡಿಯುವುದೇಕೆ?

ಮದ್ದು ಉರಿದಾಗ ಬಿಸಿ ಅನಿಲ ಹುಟ್ಟುತ್ತದೆ. ಅದು ಒಂದು ಬಾಯಿಂದ ಹೊರಗೆ ನುಗ್ಗುವ ರಭಸಕ್ಕೆ ರಾಕೆಟ್ ಮುಂದಕ್ಕೆ ಹಾರುತ್ತದೆ. ಒತ್ತಡ ಹೆಚ್ಚಿದಷ್ಟೂ ವೇಗ ಹೆಚ್ಚು. ಆದರೆ ಆ ಒತ್ತಡ ಕೊಳವೆಯ ಗೋಡೆಯನ್ನೂ ಸೀಳಲು ನೋಡುತ್ತದೆ. ಗೋಡೆಯ ದಪ್ಪ ಅಷ್ಟೇ ಇದ್ದು ಕೊಳವೆಯ ಅಗಲ ಎರಡರಷ್ಟಾದರೆ, ಗೋಡೆಯ ಮೇಲಿನ ಎಳೆತವೂ ಎರಡರಷ್ಟಾಗುತ್ತದೆ.

ಸಿಡಿಯಲು ಮುಖ್ಯ ಕಾರಣಗಳು ಮೂರು: ಮದ್ದು ಅತಿಯಾಗುವುದು, ಅನಿಲ ಹೊರಹೋಗುವ ದಾರಿ ಕಟ್ಟಿಕೊಳ್ಳುವುದು, ಲೋಹವೇ ದುರ್ಬಲವಾಗಿರುವುದು.

ಮೂರನೆಯದನ್ನು ಭದ್ರಾವತಿಯವರಿಗೆ ವಿವರಿಸಬೇಕಿಲ್ಲ. ಹಿಂದೆ ಬೆಂಕಿಪುರ ಎನಿಸಿಕೊಂಡಿದ್ದ ಈ ಊರಲ್ಲಿ ಕಬ್ಬಿಣದ ಕಾರ್ಖಾನೆಗೆ ಕೆಲಸ ಶುರುವಾದದ್ದು 1918ರಲ್ಲಿ, ಹೈದರ್ ಸತ್ತು 136 ವರ್ಷಗಳ ನಂತರ. ಆದರೆ ಕಬ್ಬಿಣದ ಗುಣ ಅಂದೂ ಇಂದೂ ಒಂದೇ. ಇಂಗಾಲ ಹೆಚ್ಚಿರುವ ಬೀಡು ಕಬ್ಬಿಣ ಪೆಟ್ಟು ಬಿದ್ದರೆ ಬಿರಿಯುತ್ತದೆ. ಇಂಗಾಲ ಕಡಿಮೆ ಇರುವ ಮೆದು ಕಬ್ಬಿಣ ಬಾಗುತ್ತದೆ, ಉಬ್ಬುತ್ತದೆ, ಬೇಗ ಬಿರಿಯುವುದಿಲ್ಲ. ಮೈಸೂರಿನ ರಾಕೆಟ್‌ಗೆ ಬಳಸಿದ್ದು ಸುತ್ತಿಗೆಯಿಂದ ಬಡಿದ ಮೆದು ಕಬ್ಬಿಣ. ಹಾಗಾಗಿ ಬಿದಿರಿಗಿಂತ ಹೆಚ್ಚು ಒತ್ತಡ ತಡೆದು, ಹೆಚ್ಚು ದೂರ ಹಾರುತ್ತಿತ್ತು.

ರಿವಾಲ್ವರ್‌ಗೂ ಇದೇ ಲೆಕ್ಕ

ತೋಟಾದಲ್ಲಿ ಮದ್ದು ಹೆಚ್ಚಾದರೆ ರಿವಾಲ್ವರ್‌ನ ಸಿಲಿಂಡರ್ ಸೀಳಬಹುದು. ಮದ್ದು ತೀರಾ ಕಡಿಮೆಯಾದರೂ ಅಪಾಯವೇ: ಗುಂಡು ನಳಿಕೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ಬರುವ ಎರಡನೇ ಗುಂಡಿಗೆ ದಾರಿ ಇರುವುದಿಲ್ಲ. ತಿರುಗುವ ಸಿಲಿಂಡರ್ ಸವೆದು ನಳಿಕೆಯ ನೇರಕ್ಕೆ ನಿಲ್ಲದಿದ್ದರೆ ಗುಂಡು ಅಂಚಿಗೆ ಬಡಿಯುತ್ತದೆ. ಮಲೆನಾಡಿನಲ್ಲಿ ಕಾಣುವ ನಾಡಕೋವಿಗೆ ಯಾವ ಪರೀಕ್ಷೆಯೂ ಆಗಿರುವುದಿಲ್ಲ. ಅದರ ನಳಿಕೆ ಎಷ್ಟು ಒತ್ತಡ ತಡೆಯುತ್ತದೆ ಎಂದು ಮಾಡಿದವನಿಗೂ ಗೊತ್ತಿರುವುದಿಲ್ಲ. ಹತ್ತು ಸಲ ಹಾರಿಸಿದರೂ ಏನೂ ಆಗಿಲ್ಲ ಎಂಬುದು ಸುರಕ್ಷತೆಯ ಗುರುತಲ್ಲ. ಪ್ರತಿ ಹೊಡೆತಕ್ಕೂ ಸಣ್ಣ ಬಿರುಕು ಬೆಳೆಯುತ್ತಿರಬಹುದು.

ಪೊಳ್ಳಿಲೂರು ಮತ್ತು ಆಮೇಲೆ

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಬ್ರಿಟಿಷ್ ಪಡೆಯನ್ನು ಸೋಲಿಸಿದರು. ಅಂದು ಬ್ರಿಟಿಷರ ಮದ್ದಿನ ಗಾಡಿಗಳು ಸ್ಫೋಟಿಸಿದ್ದು ರಾಕೆಟ್‌ನಿಂದಲೋ ಫಿರಂಗಿಯಿಂದಲೋ ಎಂಬ ಬಗ್ಗೆ ಎರಡು ಮಾತಿದೆ. 1782ರ ಡಿಸೆಂಬರ್ 7ರಂದು, ಯುದ್ಧ ಮುಗಿಯುವ ಮೊದಲೇ, ಬೆನ್ನಿನ ಹುಣ್ಣಿನಿಂದ ನರಳುತ್ತಿದ್ದ ಹೈದರ್ ಚಿತ್ತೂರಿನ ಬಳಿ ತೀರಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇಲ್ಲಿನ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. ಅವು ವಿಲಿಯಂ ಕಾಂಗ್ರೀವ್‌ನ ರಾಕೆಟ್‌ಗಳಿಗೆ ಪ್ರೇರಣೆಯಾದವು.

ಆ ಸಂದೇಶ ಮತ್ತೆ ಬಂದರೆ 'ಕಂಡುಹಿಡಿದರು' ಎಂಬಲ್ಲಿ 'ಕಬ್ಬಿಣದ ಕೊಳವೆಯಿಂದ ಬಲಪಡಿಸಿದರು' ಎಂದು ತಿದ್ದಿ ಕಳುಹಿಸಿ. ತೋಟದಲ್ಲೋ ಬಾವಿಯಲ್ಲೋ ಹಳೆಯ ಕೊಳವೆ, ಗುಂಡು ಸಿಕ್ಕರೆ ಮುಟ್ಟಬೇಡಿ, ಬಡಿದು ನೋಡಬೇಡಿ. ಒಣಗಿದ ಹಳೆಯ ಮದ್ದಿಗೂ ಬೆಂಕಿ ಹತ್ತಬಹುದು. ಪೊಲೀಸರಿಗೆ ಇಲ್ಲವೇ ಪುರಾತತ್ವ ಇಲಾಖೆಗೆ ತಿಳಿಸಿ.