ಒಂದೇ ಕೋಣೆಯ ಮೂವರು

ಹಾಸ್ಟೆಲಿನಲ್ಲಿರುವ ನಿಮ್ಮ ಮಗನಿಗೆ ಕೋಣೆಯ ಜೊತೆಗಾರ ಹಿಡಿಸುತ್ತಿಲ್ಲವೇ? ಸಂತ ಫ್ರಾನ್ಸಿಸ್ ಕ್ಸೇವಿಯರರಿಗೂ ಹಾಗೆಯೇ ಆಗಿತ್ತು.

ನವಾರ್ರಾ ನಾಡಿನ ಕೋಟೆಮನೆಯಲ್ಲಿ ಹುಟ್ಟಿದ ಅವರು 1525ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿನ ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಅವರ ಕೋಣೆಯ ಗೆಳೆಯ ಪೀಟರ್ ಫೇಬರ್, ಕುರಿ ಕಾಯ್ದು ಬೆಳೆದವರು. 1529ರಲ್ಲಿ ಅದೇ ಕೋಣೆಗೆ ಕುಂಟುತ್ತಾ ಬಂದವರು ಇಗ್ನೇಷಿಯಸ್ ಲೊಯೋಲ. ಭಿಕ್ಷೆ ಬೇಡಿ ಓದುವ, ಸುಮಾರು 38 ವಯಸ್ಸಿನ ವಿದ್ಯಾರ್ಥಿ! ಸಾಲದ್ದಕ್ಕೆ, 1521ರ ಪಾಂಪ್ಲೋನಾ ಯುದ್ಧದಲ್ಲಿ ಅವರು ಕಾದಿದ್ದು ಕ್ಸೇವಿಯರರ ಅಣ್ಣಂದಿರ ಪಕ್ಷದ ವಿರುದ್ಧ. ಕಾಲು ಮುರಿದದ್ದೂ ಅಲ್ಲೇ.

ಫೇಬರ್ ಅವರಿಗೆ ಅರಿಸ್ಟಾಟಲನ ಪಾಠ ಹೇಳಿಕೊಟ್ಟು, ಕೊನೆಗೆ ತಾವೇ ಶಿಷ್ಯರಾದರು. ಫ್ರಾನ್ಸಿಸ್ ಮಾತ್ರ ಗೇಲಿ ಮಾಡುತ್ತಲೇ ಇದ್ದರು. ಇಗ್ನೇಷಿಯಸರೋ ಇವರ ತರಗತಿಗೆ ವಿದ್ಯಾರ್ಥಿಗಳನ್ನು ಹುಡುಕಿ ತಂದರು, ಕಾಸಿಲ್ಲದಾಗ ನೆರವಾದರು. (ಗೇಲಿ ಮಾಡುವವನಿಗೆ ನಾವು ನೀವು ಹೀಗೆ ಮಾಡಿಯೇವೇ?) 1533ರಲ್ಲಿ ಫೇಬರ್ ಕೆಲ ತಿಂಗಳು ಊರಿಗೆ ಹೋದಾಗ ಇವರಿಬ್ಬರೇ ಉಳಿದರು. ಫ್ರಾನ್ಸಿಸ್ ಸೋತದ್ದು ಆಗಲೇ.

1534ರ ಆಗಸ್ಟ್ 15ರಂದು ಮೊಂಮಾರ್ತ್ರ್ ಗುಡ್ಡದಲ್ಲಿ ಏಳು ಮಂದಿ ವ್ರತ ಕೈಗೊಂಡರು. ಅವರಲ್ಲಿ ಆಗ ಗುರುದೀಕ್ಷೆ ಪಡೆದಿದ್ದವರು ಫೇಬರ್ ಒಬ್ಬರೇ. ಬಲಿಪೂಜೆ ಅರ್ಪಿಸಿದವರೂ ಅವರೇ.

1542ರಲ್ಲಿ ಗೋವೆಗೆ ಬಂದ ಫ್ರಾನ್ಸಿಸರು ಆ ಇಬ್ಬರನ್ನು ಮತ್ತೆ ಕಾಣಲಿಲ್ಲ. ಸಂಗಡಿಗರ ಪತ್ರಗಳಿಂದ ಅವರವರ ಸಹಿಗಳನ್ನು ಕತ್ತರಿಸಿ, ಸದಾ ಮೈಮೇಲೆ ಇಟ್ಟುಕೊಂಡು ತಿರುಗುತ್ತಿದ್ದರು.