ತನ್ನ ಹೆಸರಿನ ಎಂಜಿನ್ ಇರೋ ಕಾರನ್ನು ನೋಡದೇ ಹೋದ ರುಡಾಲ್ಫ್ ಡೀಸೆಲ್

ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋಕೆ ಹೋದರೆ ನಮ್ಮ ಮೊದಲ ಪ್ರಶ್ನೆ ಪೆಟ್ರೋಲಾ, ಡೀಸೆಲ್ಲಾ ಅನ್ನೋದು. ಡೀಸೆಲ್ ಅನ್ನೋದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ ಮನುಷ್ಯ ಎಂಜಿನ್ ಮಾಡೋಕೆ ಹೊರಟಿದ್ದು ಕಾರಿಗೋಸ್ಕರ ಅಲ್ಲ, ಸಣ್ಣ ಕಸುಬುದಾರರಿಗೋಸ್ಕರ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನಿ ಕಡೆಯವರು. ಅಪ್ಪನದು ಚರ್ಮದ ಸಾಮಾನು ಮಾಡುವ ಕಸುಬು. ತಯಾರಾದ ಮಾಲನ್ನು ಗಿರಾಕಿಗಳಿಗೆ ತಲುಪಿಸೋಕೆ ಹುಡುಗನೂ ಕೈಗೂಡಿಸುತ್ತಿದ್ದ. 1870ರಲ್ಲಿ ಫ್ರಾನ್ಸ್‌ಗೂ ಜರ್ಮನ್ನರಿಗೂ ಯುದ್ಧ ಶುರುವಾದಾಗ ಈ ಕುಟುಂಬ ಊರು ಬಿಟ್ಟು ಲಂಡನ್ ಸೇರಬೇಕಾಯ್ತು. 12 ವರ್ಷದ ರುಡಾಲ್ಫ್‌ನನ್ನು ಓದೋಕೆ ಅಂತ ಜರ್ಮನಿಯ ಆಗ್ಸ್‌ಬರ್ಗ್ ಊರಿನ ಸಂಬಂಧಿಕರ ಮನೆಗೆ ಕಳಿಸಿದರು.

ಹುಡುಗ ಓದಿನಲ್ಲಿ ಮುಂದು. ಮ್ಯೂನಿಕ್‌ನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ಪರೀಕ್ಷೆ ಹೊತ್ತಿಗೆ ಟೈಫಾಯಿಡ್ ಬಂತು. ಆಮೇಲೆ 1880ರಲ್ಲಿ ಪರೀಕ್ಷೆ ಬರೆದು ಅತ್ಯುನ್ನತ ದರ್ಜೆಯಲ್ಲಿ ಪಾಸಾದರು. ಅಲ್ಲಿ ಪಾಠ ಮಾಡುತ್ತಿದ್ದವರು ಐಸ್ ಮಷೀನ್‌ಗಳಿಗೆ ಹೆಸರಾದ ಕಾರ್ಲ್ ಫಾನ್ ಲಿಂಡೆ. ಉಗಿ ಎಂಜಿನ್‌ನಲ್ಲಿ ಕಲ್ಲಿದ್ದಲಿನ ಶಾಖದ ನೂರರಲ್ಲಿ ಹತ್ತು ಭಾಗ ಕೆಲಸಕ್ಕೆ ಬಂದರೆ ಹೆಚ್ಚು, ಉಳಿದದ್ದೆಲ್ಲ ದಂಡ ಅನ್ನೋದನ್ನ ರುಡಾಲ್ಫ್ ಕಲಿತದ್ದು ಇವರ ಪಾಠದಲ್ಲಿ. ಆ ಲೆಕ್ಕ ತಲೆಯಲ್ಲೇ ಉಳಿದುಬಿಟ್ಟಿತು.

ಆಗ ಉಗಿ ಎಂಜಿನ್ ಹಾಕೋಕೆ ದೊಡ್ಡ ಬಂಡವಾಳ ಬೇಕಿತ್ತು. ದೊಡ್ಡ ಕಾರ್ಖಾನೆಗಳ ಮುಂದೆ ನೇಕಾರರು, ಬಡಗಿಗಳು, ಸಣ್ಣ ವರ್ಕ್‌ಶಾಪ್‌ನವರು ಸೋಲುತ್ತಿದ್ದರು. ಕಡಿಮೆ ಇಂಧನ ಕುಡಿಯುವ, ಸಣ್ಣವರಿಗೂ ಕೈಗೆಟುಕುವ ಎಂಜಿನ್ ಇದ್ದರೆ ಇವರೂ ನಿಲ್ಲಬಹುದು ಅನ್ನೋದು ರುಡಾಲ್ಫ್ ಲೆಕ್ಕಾಚಾರ. ಲಿಂಡೆ ಅವರ ಕಂಪನಿಯಲ್ಲಿ ನೌಕರಿ ಮಾಡುತ್ತಲೇ ಪ್ರಯೋಗ ಶುರು ಮಾಡಿದರು. ಮೊದಲು ಅಮೋನಿಯಾ ಆವಿಯಿಂದ ಓಡುವ ಎಂಜಿನ್ ಕೈಗೆತ್ತಿಕೊಂಡರು. ಅದು ಸಿಡಿದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಾಯ್ತು.

1892ರಲ್ಲಿ ಹೊಸ ಐಡಿಯಾಗೆ ಪೇಟೆಂಟ್ ಅರ್ಜಿ ಹಾಕಿದರು, ಮರುವರ್ಷ ಸಿಕ್ಕಿತು. ವಿಷಯ ಸರಳ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪ್ ಬಿಸಿಯಾಗುತ್ತಲ್ಲ, ಅದೇ. ಸಿಲಿಂಡರ್ ಒಳಗೆ ಗಾಳಿಯನ್ನು ಜೋರಾಗಿ ಒತ್ತಿದರೆ ಅದು ಎಷ್ಟು ಕಾಯುತ್ತೆ ಅಂದ್ರೆ, ಎಣ್ಣೆ ಬಿಟ್ಟ ಕೂಡಲೇ ತಾನಾಗಿ ಹೊತ್ತಿಕೊಳ್ಳುತ್ತೆ. ಸ್ಪಾರ್ಕ್ ಪ್ಲಗ್ ಬೇಕಿಲ್ಲ. ಪೆಟ್ರೋಲ್ ಎಂಜಿನ್‌ಗಿಂತ ಹೆಚ್ಚು ಒತ್ತುವುದರಿಂದಲೇ ಡೀಸೆಲ್ ಗಾಡಿ ಮೈಲೇಜ್ ಜಾಸ್ತಿ ಕೊಡೋದು.

ಮಾಡಿ ತೋರಿಸೋದು ಮಾತ್ರ ಸುಲಭ ಇರಲಿಲ್ಲ. ಆಗ್ಸ್‌ಬರ್ಗ್‌ನ ಮಷೀನ್ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ದುಡ್ಡು ಹಾಕಿದವು. 1893ರ ಮೊದಲ ಪರೀಕ್ಷೆಯಲ್ಲಿ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯ್ತು. 1894ರ ಫೆಬ್ರವರಿಯಲ್ಲಿ ಎಂಜಿನ್ ಸ್ವಂತ ಬಲದಿಂದ ಓಡಿತು, ಅದೂ ಸುಮಾರು ಒಂದು ನಿಮಿಷ. ಮತ್ತೆ ಮೂರು ವರ್ಷ ಬಿಚ್ಚಿದ್ದು, ಜೋಡಿಸಿದ್ದು. 1897ರ ಫೆಬ್ರವರಿ 17ರಂದು ಪ್ರೊಫೆಸರ್ ಒಬ್ಬರು ಬಂದು ಅಳೆದು ನೋಡಿದಾಗ ಇಂಧನದ ಶಾಖದಲ್ಲಿ ಶೇ. 26.2 ಭಾಗ ಕೆಲಸಕ್ಕೆ ಬಂದಿತ್ತು. ಉಗಿ ಎಂಜಿನ್‌ನ ಎರಡು ಪಟ್ಟಿಗೂ ಜಾಸ್ತಿ.

ದುಡ್ಡು, ಹೆಸರು ಎರಡೂ ಬಂದವು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲೂ ಓಡಿತು. ಆದ್ರೆ ಅಂದುಕೊಂಡದ್ದೇ ಬೇರೆ, ಆಗಿದ್ದೇ ಬೇರೆ. ಎಂಜಿನ್ ದೈತ್ಯ ಗಾತ್ರದ್ದು. ಎಣ್ಣೆಯನ್ನು ಒಳಗೆ ತಳ್ಳೋಕೆ ಪ್ರತ್ಯೇಕ ಗಾಳಿ ಕಂಪ್ರೆಸರ್ ಬೇಕು. ಹೀಗಾಗಿ ಅದನ್ನು ಕೊಂಡವರು ಕಾರ್ಖಾನೆಗಳು, ವಿದ್ಯುತ್ ಕೇಂದ್ರಗಳು, ಹಡಗಿನವರು. ಕೊನೆಗೆ ಯುದ್ಧದ ಸಬ್‌ಮರೀನ್‌ಗೂ ಹೋಯ್ತು. ಕಾರ್ಮಿಕರೇ ಸೇರಿ ಉದ್ಯಮ ನಡೆಸಬೇಕು ಅಂತ 1903ರಲ್ಲಿ ರುಡಾಲ್ಫ್ ಬರೆದ ಪುಸ್ತಕವನ್ನು ಕೊಂಡವರು ಕಡಿಮೆ.

ಇತ್ತ ಪೇಟೆಂಟ್ ಜಗಳ, ತಲೆನೋವು, ಅನಾರೋಗ್ಯ. ಜಮೀನು ವ್ಯವಹಾರದಲ್ಲಿ ಹಾಕಿದ ದುಡ್ಡು ಮುಳುಗಿತು. 1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಅನ್ನೋ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು. ರಾತ್ರಿ ಊಟ ಮಾಡಿ, ಬೆಳಗ್ಗೆ ಎಬ್ಬಿಸೋಕೆ ಹೇಳಿ ಕೋಣೆಗೆ ಹೋದರು. ಬೆಳಗ್ಗೆ ನೋಡಿದರೆ ಹಾಸಿಗೆಯಲ್ಲಿ ಮಲಗಿದ ಗುರುತೇ ಇಲ್ಲ. ಸುಮಾರು ಹತ್ತು ದಿನದ ನಂತರ ಡಚ್ ದೋಣಿಯವರಿಗೆ ಸಮುದ್ರದಲ್ಲಿ ಒಂದು ಶವ ಸಿಕ್ಕಿತು. ಜೇಬಿನಲ್ಲಿದ್ದ ವಸ್ತುಗಳನ್ನಷ್ಟೇ ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಅವು ಅಪ್ಪನವೇ ಅಂತ ಮಗ ಗುರುತಿಸಿದ. ಆತ್ಮಹತ್ಯೆಯೋ, ಕಾಲು ಜಾರಿದ್ದೋ, ಕೊಲೆಯೋ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಆಗ ಅವರಿಗೆ 55 ವರ್ಷ.

ಕಂಪ್ರೆಸರ್ ಬದಲಿಗೆ ಎಣ್ಣೆಯನ್ನೇ ಒತ್ತಡದಿಂದ ಚಿಮ್ಮಿಸುವ ಸಣ್ಣ ಪಂಪ್ ಬಂದ ಮೇಲೆ ಡೀಸೆಲ್ ರಸ್ತೆಗೆ ಇಳಿಯಿತು. 1920ರ ದಶಕದಲ್ಲಿ ಲಾರಿಗೆ, 1936ರಲ್ಲಿ ಮರ್ಸಿಡಿಸ್-ಬೆಂಜ್ 260 ಡಿ ಕಾರಿಗೆ. ಆ ಕಾರಿನ ಶಕ್ತಿ 45 ಎಚ್‌ಪಿ. ಜರ್ಮನಿಯ ಟ್ಯಾಕ್ಸಿಯವರು ಅದನ್ನು ಮೆಚ್ಚಿಕೊಂಡರು. 1927ರಲ್ಲಿ ಅಂಥ ಪಂಪ್ ತಯಾರಿಸೋಕೆ ಶುರು ಮಾಡಿದ ಬಾಷ್ ಕಂಪನಿಯ ಭಾರತದ ಕಾರ್ಖಾನೆಯೇ ಮುಂದೆ ಬೆಂಗಳೂರಿನ ಆಡುಗೋಡಿಯಲ್ಲಿ ಬಂತು, ನಮ್ಮವರ ಬಾಯಲ್ಲಿ ಮೈಕೋ ಅಂತ.

ಈಗ ಕಾರಿನಲ್ಲಿ ಡೀಸೆಲ್ ಹಿಂದೆ ಸರೀತಿದೆ. ಅತಿ ಶಾಖದಲ್ಲಿ ಉರಿಯುವ ಎಂಜಿನ್ ಮೈಲೇಜ್ ಜೊತೆ ನೈಟ್ರೋಜನ್ ಆಕ್ಸೈಡ್, ಮಸಿಯನ್ನೂ ಬಿಡುತ್ತೆ. ಅದನ್ನು ತಡೆಯುವ ಬಿಎಸ್-6 ಉಪಕರಣದ ಖರ್ಚು ಸಣ್ಣ ಕಾರಿಗೆ ಭಾರ. ಮಾರುತಿ 2020ರಲ್ಲಿ ಡೀಸೆಲ್ ಕಾರು ನಿಲ್ಲಿಸಿತು.

ಆದ್ರೆ ಕರೆಂಟ್ ಇಲ್ಲದ ಕಾಲದಲ್ಲಿ ನಮ್ಮ ಹಳ್ಳಿಗಳ ಹಿಟ್ಟಿನ ಗಿರಣಿ, ಕಬ್ಬಿನ ಗಾಣ, ಹೊಲದ ಪಂಪ್‌ಸೆಟ್ ಓಡಿಸಿದ್ದು ಇದೇ ಎಂಜಿನ್. ಇವತ್ತೂ ಕರೆಂಟ್ ಹೋದರೆ ಎಷ್ಟೋ ಅಂಗಡಿಗಳ ಮುಂದೆ ಡೀಸೆಲ್ ಜನರೇಟರ್ ಸದ್ದು ಮಾಡುತ್ತೆ. ಸಣ್ಣವರ ಕೈಗೆ ಸಿಗಬೇಕು ಅಂತ ರುಡಾಲ್ಫ್ ಅಂದುಕೊಂಡಿದ್ದು ನಡೆದಿದೆ. ಅವರಿಗೆ ಮಾತ್ರ ಅದು ಗೊತ್ತಾಗಲಿಲ್ಲ.