ಸ್ವಾಮಿ ರಾಮಾನಂದ ತೀರ್ಥರು: ಪರಸಂಸ್ಥಾನದಲ್ಲಿ ಗುರುವಿನ ಉಡುಪು

ವಿದ್ಯಾದಾನದ ನಿಮಿತ್ತ ಪರನಾಡಿಗೆ ಹೋದವನನ್ನು ಅಲ್ಲಿಯ ಜನರು ಮೊದಲು ಅಳೆಯುವುದು ಅವನ ಉಡುಪಿನಿಂದ. ವಿದ್ಯೆಯ ಪರೀಕ್ಷೆ ನಡೆಯುವುದು ಆಮೇಲೆ. ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಾಮಾನಂದ ತೀರ್ಥರ ಜೀವಿತಕ್ಕಿಂತ ಇದಕ್ಕೆ ಉತ್ತಮ ನಿದರ್ಶನವನ್ನು ನಾವು ಕಾಣೆವು.

1903ರ ಅಕ್ಟೋಬರ 3ರಂದು ಹುಟ್ಟಿದ ಅವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭಗವಾನರಾವ ಖೇಡಗೀಕರ. 1920ರಲ್ಲಿ ಲೋಕಮಾನ್ಯ ತಿಲಕರು ದಿವಂಗತರಾದಾಗ, ಆಜನ್ಮ ಬ್ರಹ್ಮಚಾರಿಯಾಗಿದ್ದು ದೇಶಸೇವೆ ಮಾಡುವ ಸಂಕಲ್ಪವನ್ನು ವಿದ್ಯಾರ್ಥಿದೆಸೆಯಲ್ಲಿಯೇ ಕೈಕೊಂಡರು. ಪುಣೆಯ ತಿಲಕ ಮಹಾವಿದ್ಯಾಲಯದಲ್ಲಿ ಕಲಿತು, ಕಾರ್ಮಿಕರ ಮುಂದಾಳು ಎನ್. ಎಂ. ಜೋಶಿಯವರೊಡನೆ ಕೆಲಕಾಲ ದುಡಿದ ಮೇಲೆ ಹಿಪ್ಪರಗೆಯ ರಾಷ್ಟ್ರೀಯ ಶಾಲೆಗೆ ಅಧ್ಯಾಪಕರಾಗಿ ಹೋದರು. ಇದು ಸಿಂದಗಿಯ ನೆರೆಯ ದೇವರ ಹಿಪ್ಪರಗಿಯಲ್ಲ. ನಿಜಾಮರ ಆಳ್ವಿಕೆಯ ಉಸ್ಮಾನಾಬಾದ ಜಿಲ್ಲೆಯ ಹಿಪ್ಪರಗೆ.

ನಕಾಶೆಯಲ್ಲಿ ಈ ಅಂತರವು ಅಲ್ಪವಾದರೂ ಆಗ ಅದು ಪರದೇಶಪ್ರಯಾಣವೇ ಆಗಿದ್ದಿತು. ಬಿಜಾಪುರ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದು. ಗಡಿಯಾಚೆಗೆ ಹಾಲಿ ಸಿಕ್ಕದ ನಾಣ್ಯ ಬೇರೆ, ಕರೋಡಗಿರಿಯ ಸುಂಕ ಬೇರೆ. ಪ್ರಜೆಗಳಲ್ಲಿ ಬಹುಸಂಖ್ಯಾತರು ತೆಲುಗು, ಮರಾಠಿ, ಕನ್ನಡಗಳನ್ನಾಡುವವರಾಗಿದ್ದರೂ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ. ಉಡುಪಿಗೂ ಇದೇ ನ್ಯಾಯ. ಶೇರವಾನಿ, ರೂಮಿ ಟೊಪ್ಪಿಗೆಗಳು ಪಟ್ಟಣದ ಸಭ್ಯರ ವೇಷ. ದರ್ಬಾರಕ್ಕೆ ದಸ್ತಾರ ಮತ್ತು ಬಗಲೂಸ ಪಟ್ಟಿ. ಧೋತರ ರುಮಾಲುಗಳ ರೈತನಿಗೂ ಆ ವೇಷಕ್ಕೂ ನಡುವೆ ಇದ್ದುದು ಬಟ್ಟೆಯ ಭೇದ ಮಾತ್ರವಲ್ಲ, ಅಧಿಕಾರದ ಭೇದ. ಶೇರವಾನಿಯನ್ನು ನಾವು ಹಳಿಯುವವರಲ್ಲ. ಹಿಂದೂ ಮುಸಲ್ಮಾನರಿಬ್ಬರೂ ತೊಟ್ಟ ಅಂದವಾದ ಉಡುಪು ಅದು. ಆಳುವವರ ಭಾಷೆ ಮತ್ತು ವೇಷಗಳೇ ಏಳಿಗೆಯ ಏಣಿಯಾದುದು ಮಾತ್ರ ಅನ್ಯಾಯವಾಗಿದ್ದಿತು.

ಇಂಥಲ್ಲಿ ರಾಷ್ಟ್ರೀಯ ಶಾಲೆಯ ಗುರುವಿಗೆ ಖಾದಿಯು ಒಪ್ಪುವ ಉಡುಪು. ಆದರೆ ಖೇಡಗೀಕರರು 1932ರಲ್ಲಿ ಸಂನ್ಯಾಸ ಸ್ವೀಕರಿಸಿ ಕಾವಿಯನ್ನುಟ್ಟರು. ಕಾವಿಯುಟ್ಟವನು ಮಠದಲ್ಲಿರಬೇಕೆಂಬುದು ಲೋಕದ ರೂಢಿ. ಇವರು ಶಾಲೆಯನ್ನು ಬಿಡಲಿಲ್ಲ. ಮುಂದೆ ಮೊಮಿನಾಬಾದದ, ಎಂದರೆ ಅಂಬೇಜೋಗಾಯಿಯ, ಯೋಗೇಶ್ವರಿ ಶಾಲೆಯಲ್ಲಿಯೂ ಕಾವಿಯಲ್ಲಿಯೇ ಪಾಠ ಹೇಳಿದರು. ಅದು ದರ್ಬಾರದ ವೇಷವಲ್ಲ, ಜಹಗೀರದಾರನದೂ ಅಲ್ಲ. ಬಡರೈತನು ಅಂಜದೆ ಸಮೀಪಿಸಬಲ್ಲ ವೇಷ.

ಆದರೂ ವೇಷಕ್ಕೆ ಅಪಾರ್ಥವು ತಪ್ಪದು. 1938ರಲ್ಲಿ ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ಸರಕಾರವು ಅದನ್ನು ಕೋಮುವಾದಿಯೆಂದು ನಿಷೇಧಿಸಿತು. ಆರ್ಯಸಮಾಜ, ಹಿಂದೂ ಮಹಾಸಭೆಗಳ ಸತ್ಯಾಗ್ರಹಗಳೂ ಅದೇ ಕಾಲಕ್ಕೆ ನಡೆದಿದ್ದುದರಿಂದ, ಕಾವಿಧಾರಿಯೊಬ್ಬನ ಮುಂದಾಳುತನವು ಆ ಆಪಾದನೆಗೆ ಪುಷ್ಟಿ ಕೊಡುವಂತಿದ್ದಿತು. ಸ್ವಾಮಿಗಳು ಬಟ್ಟೆಯನ್ನು ಬದಲಿಸಲಿಲ್ಲ. ನಡೆಯಿಂದ ಅದರ ಅರ್ಥವನ್ನು ತಿಳಿಯಪಡಿಸಿದರು. ಗಾಂಧೀಜಿಯವರ ಸಲಹೆಯಂತೆ ಆ ವರ್ಷದ ಡಿಸೆಂಬರದಲ್ಲಿ ಕಾಂಗ್ರೆಸ್ಸಿನ ಸತ್ಯಾಗ್ರಹವು ನಿಂತಿತು. ಅದರ ಹಾದಿ ಉಳಿದ ಚಳವಳಿಗಳಿಂದ ಬೇರೆಯಾಯಿತು. ಸಿರಾಜುಲ್ ಹಸನ್ ತಿರ್ಮಿಜಿಯವರಂಥ ಮುಸಲ್ಮಾನರೂ ಅದರಲ್ಲಿ ದುಡಿದರು. ಮತ್ತೆ ಮತ್ತೆ ಸೆರೆಮನೆ ಕಂಡ ಸ್ವಾಮಿಗಳು, 1948ರ ಸಪ್ಟೆಂಬರ 17ರಂದು ನಿಜಾಮರ ಸೈನ್ಯವು ಶರಣಾದ ಮೇಲೆಯೇ ಬಿಡುಗಡೆ ಹೊಂದಿದರು.

ಮುಂದೆ 1952ರಲ್ಲಿ ಕನ್ನಡಿಗರ ಗುಲಬರ್ಗೆಯೂ 1957ರಲ್ಲಿ ಮರಾಠಿಗರ ಔರಂಗಾಬಾದವೂ ಅವರನ್ನು ಲೋಕಸಭೆಗೆ ಆರಿಸಿ ಕಳಿಸಿದವು. ಪರಸ್ಥಳದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರವಿಲ್ಲ. 1972ರ ಜನವರಿ 22ರಂದು ಅವರು ದೇಹವಿಟ್ಟರು. ನಾಂದೇಡದ ವಿಶ್ವವಿದ್ಯಾಲಯವು ಇಂದು ಅವರ ಹೆಸರನ್ನು ಹೊತ್ತಿದೆ.

ಇಂದೂ ನಮ್ಮ ತರುಣರು ಅಧ್ಯಾಪಕರಾಗಿ ದೂರದೇಶಗಳಿಗೆ ಹೋಗುತ್ತಿರುವರು. ಅಲ್ಲಿಯ ಉಡುಪನ್ನು ತೊಡಬೇಕೋ ನಮ್ಮದನ್ನೇ ಉಳಿಸಿಕೊಳ್ಳಬೇಕೋ ಎಂಬ ಸಂದೇಹವು ಅವರಿಗೆ ಸಹಜ. ಯಾವುದನ್ನು ತೊಟ್ಟರೂ ಬಾಧಕವಿಲ್ಲ. ತೊಟ್ಟ ಬಟ್ಟೆಯು ಶಿಷ್ಯನನ್ನು ಹತ್ತಿರ ಕರೆಯುವುದೋ ದೂರ ನಿಲ್ಲಿಸುವುದೋ ಎಂಬುದನ್ನು ಮಾತ್ರ ಅವರು ವಿಚಾರಿಸಿಕೊಳ್ಳಲಿ.